ಪ್ಯಾಟಿಯೋದಲ್ಲಿ ಹಮ್ಮಿಂಗ್‌ಬರ್ಡ್ ಗೂಡು ಕಟ್ಟಿದರೆ: ಮೊದಲ ಎಳೆಯಿಂದ ಮರಿ ಹಾರುವ ತನಕ

ದೀಪಾವಳಿಗೆ ಪ್ಯಾಟಿಯೋದಲ್ಲಿ ಸೀರಿಯಲ್ ಲೈಟ್ ಕಟ್ಟುತ್ತೇವೆ. ಹೇಗೂ ಕ್ರಿಸ್‌ಮಸ್ ಬರುತ್ತದಲ್ಲ ಅಂತ ಹಾಗೇ ಬಿಟ್ಟಿರುತ್ತೇವೆ. ಜನವರಿಯಲ್ಲಿ ಬಿಚ್ಚೋಣ ಅಂತ ಏಣಿ ಹತ್ತಿದರೆ ವೈರಿನ ಮೇಲೆ ಒಂದು ಪುಟಾಣಿ ಬಟ್ಟಲು, ಅದರೊಳಗೆ ಕೊಕ್ಕು ಮೇಲೆ ಮಾಡಿ ಕೂತ ಹಕ್ಕಿ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವ ನಮ್ಮವರ ಮನೆಗಳಲ್ಲಿ ಇದೇನು ಅಪರೂಪವಲ್ಲ. ಆಮೇಲೆ ಪ್ರಶ್ನೆಗಳು ಶುರು. ಗೂಡನ್ನು ಸ್ವಲ್ಪ ಪಕ್ಕಕ್ಕೆ ಸರಿಸಬಹುದಾ? ಆ ಕಡೆ ಬಾಗಿಲು ತೆಗೆಯಬಹುದಾ? ರಾತ್ರಿ ತಾಯಿ ಬರಲೇ ಇಲ್ಲ, ಮರಿ ಬದುಕುತ್ತಾ?

ಇವಕ್ಕೆಲ್ಲ ಉತ್ತರ ಹೇಳುವ ಮೊದಲು ತಿಳಿಯಬೇಕಾದದ್ದು ಒಂದು: ಗೂಡಿಗೆ ಇವತ್ತು ಎಷ್ಟನೇ ದಿನ? ಮರಿ ಒಡೆದು ಎರಡನೇ ದಿನ ತಾಯಿ ರಾತ್ರಿ ಗೂಡಿನಲ್ಲಿಲ್ಲ ಅಂದರೆ ಗಾಬರಿ ಪಡಬೇಕು. ಹದಿಮೂರನೇ ದಿನ ಇಲ್ಲ ಅಂದರೆ ನೀವು ನೆಮ್ಮದಿಯಾಗಿ ಮಲಗಬಹುದು. ಈ ಲೆಕ್ಕ ಗೊತ್ತಿಲ್ಲದೆ, ಅಯ್ಯೋ ಪಾಪ ಅಂತ ಕೈಹಾಕುವ ಒಳ್ಳೆಯ ಮನಸ್ಸಿನವರಿಂದಲೇ ಎಷ್ಟೋ ಗೂಡು ಹಾಳಾಗುತ್ತವೆ. ಅದಕ್ಕೇ ಈ ಬರಹವನ್ನು ಗೂಡಿನ ದಿನಗಳ ಕ್ರಮದಲ್ಲೇ ಬರೆದಿದ್ದೇನೆ.

1. ಯಾವ ಹಕ್ಕಿ, ಯಾವ ಕಾಲ ಅಂತ ಮೊದಲು ಗುರುತಿಸಿ

ಹಮ್ಮಿಂಗ್‌ಬರ್ಡ್‌ಗಳು ಇರುವುದು ಉತ್ತರ ಮತ್ತು ದಕ್ಷಿಣ ಅಮೆರಿಕದಲ್ಲಿ ಮಾತ್ರ. 350ಕ್ಕೂ ಹೆಚ್ಚು ಜಾತಿಗಳಿವೆ. ಭಾರತದಲ್ಲಿ ಒಂದೂ ಇಲ್ಲ. ಬೆಂಗಳೂರಿನ ಮನೆಯ ದಾಸವಾಳದ ಗಿಡಕ್ಕೆ ಬರುವ ಪುಟ್ಟ ಹಕ್ಕಿಯನ್ನು ಹಮ್ಮಿಂಗ್‌ಬರ್ಡ್ ಅನ್ನುವವರಿದ್ದಾರೆ. ಅದು ಸೂರಕ್ಕಿ. ಇಬ್ಬರೂ ಹೂವಿನ ಮಕರಂದ ಹೀರುತ್ತಾರೆ, ಇಬ್ಬರೂ ಜೇಡರ ಬಲೆಯಿಂದ ಗೂಡು ಹೆಣೆಯುತ್ತಾರೆ. ಆದರೆ ವಂಶ ಬೇರೆ, ಗೂಡಿನ ಆಕಾರವೂ ಬೇರೆ. ಸೂರಕ್ಕಿಯದು ನೇತಾಡುವ ಚೀಲ. ಹಮ್ಮಿಂಗ್‌ಬರ್ಡಿನದು ಮೇಲೆ ತೆರೆದ ಬಟ್ಟಲು.

ಬೇ ಏರಿಯಾ, ಲಾಸ್ ಏಂಜಲೀಸ್, ಪೋರ್ಟ್‌ಲ್ಯಾಂಡ್, ಸಿಯಾಟಲ್ ಕಡೆ ನಿಮ್ಮ ಮನೆಯಲ್ಲಿ ಗೂಡು ಕಟ್ಟಿದ್ದು ಬಹುತೇಕ 'ಆ್ಯನಾಸ್ ಹಮ್ಮಿಂಗ್‌ಬರ್ಡ್' ಆಗಿರುತ್ತದೆ. ಉದ್ದ ಸುಮಾರು 10 ಸೆಂಟಿಮೀಟರ್, ತೂಕ 4 ಗ್ರಾಂ ಆಸುಪಾಸು. ಗಂಡಿನ ತಲೆ ಮತ್ತು ಗಂಟಲು ಬಿಸಿಲು ಬಿದ್ದಾಗ ಗುಲಾಬಿ-ಕೆಂಪಾಗಿ ಹೊಳೆಯುತ್ತದೆ. ಹೆಣ್ಣಿನ ಬೆನ್ನು ಹಸಿರು, ಹೊಟ್ಟೆ ಬೂದು, ಗಂಟಲಲ್ಲಿ ಕೆಲವೊಮ್ಮೆ ಒಂದು ಚಿಕ್ಕ ಕೆಂಪು ಮಚ್ಚೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಈ ಹಕ್ಕಿ ಮರಿ ಮಾಡುತ್ತಿದ್ದದ್ದು ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಅದರ ಕೆಳಗಿನ ಮೆಕ್ಸಿಕೋದ ತುಣುಕಿನಲ್ಲಿ ಮಾತ್ರ. ಜನ ಮನೆ ಸುತ್ತ ವರ್ಷವಿಡೀ ಹೂ ಬಿಡುವ ಗಿಡ ನೆಟ್ಟರು, ಫೀಡರ್ (ಹಕ್ಕಿಗೆ ಸಕ್ಕರೆ ನೀರಿಡುವ ಡಬ್ಬಿ) ತೂಗುಹಾಕಿದರು. ಹಕ್ಕಿ ಅದರ ಹಿಂದೆಯೇ ಉತ್ತರಕ್ಕೆ ಬಂತು, ಕೆನಡಾದವರೆಗೂ. 2017ರಲ್ಲಿ ವ್ಯಾಂಕೂವರ್ ನಗರ ಇದನ್ನೇ ತನ್ನ ನಗರಪಕ್ಷಿ ಅಂತ ಆರಿಸಿಕೊಂಡಿತು.

ಕಾಲ ಗಮನಿಸಿ. ಕ್ಯಾಲಿಫೋರ್ನಿಯಾದಲ್ಲಿ ಈ ಹಕ್ಕಿ ಡಿಸೆಂಬರ್‌ನಲ್ಲೇ ಗೂಡಿಗೆ ಕೈಹಾಕುತ್ತದೆ. ಬೇರೆ ಹಕ್ಕಿಗಳು ವಸಂತಕ್ಕೆ ಕಾಯುವಾಗ ಇದು ಚಳಿಮಳೆಯಲ್ಲೇ ಮೊಟ್ಟೆ ಇಟ್ಟಿರುತ್ತದೆ. ಒಂದೇ ಹೆಣ್ಣು ಬೇಸಿಗೆಯ ಹೊತ್ತಿಗೆ ಎರಡು, ಕೆಲವೊಮ್ಮೆ ಮೂರು ಸಲ ಮರಿ ಮಾಡುತ್ತದೆ. ನ್ಯೂಜೆರ್ಸಿ, ಅಟ್ಲಾಂಟಾ ಮುಂತಾಗಿ ಪೂರ್ವದಲ್ಲಿರುವವರಿಗೆ ಬೇರೆ ಲೆಕ್ಕ. ಅಲ್ಲಿನದು 'ರೂಬಿ-ಥ್ರೋಟೆಡ್'. ಅದು ಚಳಿಗಾಲವನ್ನು ಮಧ್ಯ ಅಮೆರಿಕದಲ್ಲಿ ಕಳೆದು ಬರುವ ವಲಸೆ ಹಕ್ಕಿ. ಗೂಡನ್ನು ಮೇ, ಜೂನ್, ಜುಲೈನಲ್ಲಿ ಹುಡುಕಿ. ಕೆಳಗೆ ಹೇಳುವ ಜಾಗ್ರತೆಗಳು ಅದಕ್ಕೂ ಸರಿ. ದಿನಗಳು ಮಾತ್ರ ಸ್ವಲ್ಪ ಹೆಚ್ಚುಕಡಿಮೆ.

2. ಗೂಡು ಕಾಣದಿದ್ದರೆ ಹೆಣ್ಣಿನ ಹಿಂದೆ ಕಣ್ಣು ಹಾಯಿಸಿ

ಗಂಡನ್ನು ನೋಡಿ ಗೂಡು ಹುಡುಕಲು ಹೋದರೆ ಸಿಗುವುದಿಲ್ಲ. ಗಂಡು ಸುಮಾರು 30-40 ಮೀಟರ್ ಎತ್ತರಕ್ಕೆ ಏರಿ, ಹೆಣ್ಣಿನ ಮುಂದೆ ನೆಟ್ಟಗೆ ಧುಮುಕುತ್ತದೆ. ತಳಕ್ಕೆ ಬಂದಾಗ 'ಚೀಪ್' ಅಂತ ಜೋರು ಶಬ್ದ. ಅದು ಬಾಯಿಂದ ಬರುವುದಲ್ಲ, ಬಾಲದ ಗರಿ ಗಾಳಿಗೆ ಕಂಪಿಸಿ ಬರುವುದು. ಕೂಡಿದ ಮೇಲೆ ಅದರ ಸಂಸಾರ ಅಲ್ಲಿಗೆ ಮುಗಿಯಿತು. ಗೂಡು, ಕಾವು, ಗುಟುಕು ಎಲ್ಲವೂ ಹೆಣ್ಣಿನ ಒಬ್ಬಳದೇ ದುಡಿಮೆ.

ಹೆಣ್ಣು ಫೀಡರ್ ಕಡೆಗೆ ಹೋಗದೆ ಕಿಟಕಿಯ ಮೂಲೆ, ಬೇಲಿಯ ಸಂದಿ, ಸೂರಿನ ಅಡಿ ಅಂತ ಮೂಸಿ ನೋಡುವಂತೆ ತಿರುಗುತ್ತಿದ್ದರೆ ಅದು ಜೇಡರ ಬಲೆ ಹುಡುಕುತ್ತಿದೆ ಅಂತ ತಿಳಿಯಿರಿ. ಬಲೆ ಸಿಕ್ಕಿದರೆ ಕೊಕ್ಕಿಗೂ ಎದೆಗೂ ಸುತ್ತಿಕೊಂಡು ಹಾರುತ್ತದೆ. ಆಗ ಒಂದು ಕಡೆ ಅಲ್ಲಾಡದೆ ಕೂತು, ಅದು ಯಾವ ದಿಕ್ಕಿಗೆ ಹೋಗುತ್ತದೆ ಅಂತ ನೋಡಿ. ಮತ್ತೆ ಮತ್ತೆ ಒಂದೇ ಜಾಗಕ್ಕೆ ಹೋದರೆ ಗೂಡು ಅಲ್ಲೇ. ಊರಿಂದ ಬಂದು ಆರು ತಿಂಗಳು ನಮ್ಮ ಜೊತೆ ಇರುವ ಅಪ್ಪ-ಅಮ್ಮಂದಿರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ಚಳಿಗಾಲದಲ್ಲಿ ಹೊರಗೆ ಹೋಗಲೂ ಆಗದೆ ಗಾಜಿನ ಬಾಗಿಲ ಹತ್ತಿರ ಬಿಸಿಲಿಗೆ ಕೂತಿರುತ್ತಾರೆ ಅಲ್ವಾ. ಆಫೀಸ್ ಮೀಟಿಂಗ್‌ನಲ್ಲಿ ಮುಳುಗಿರುವ ನಮಗಿಂತ ಮೊದಲು ಅವರೇ ಗೂಡು ಪತ್ತೆ ಮಾಡುತ್ತಾರೆ.

ಕಟ್ಟುವ ರೀತಿ ನೋಡುವುದಕ್ಕೇ ಚೆಂದ. ಮೊದಲು ರೆಂಬೆಗೋ ವೈರಿಗೋ ಜೇಡರ ಎಳೆಯನ್ನು ಸುತ್ತಿ ಸುತ್ತಿ ಒಂದು ತಳ ಮಾಡಿಕೊಳ್ಳುತ್ತದೆ. ಅದರ ಮೇಲೆ ಜೊಂಡಿನ ತೆನೆಯ ನಾರು, ಬೀಜಗಳ ಹತ್ತಿ, ಪುಟ್ಟ ಪುಕ್ಕ ತಂದು ತುರುಕುತ್ತದೆ. ಆಮೇಲೆ ಮಧ್ಯೆ ತಾನೇ ಕೂತು, ಕಾಲಲ್ಲಿ ತುಳಿದು ತಳ ಗಟ್ಟಿ ಮಾಡುತ್ತದೆ. ಅಂಚಿಗೆ ಎದೆ ಒತ್ತಿ, ಗದ್ದ ಹೊರಗೆ ಚಾಚಿ, ಹೊರಗೋಡೆಯನ್ನು ಕೊಕ್ಕಿನಿಂದ ನೇವರಿಸುತ್ತದೆ. ಸ್ವಲ್ಪ ತಿರುಗಿ ಮತ್ತೆ ಅದೇ. ಹೀಗೆ ಸುತ್ತ ತಿರುಗುತ್ತಾ ತನ್ನ ಮೈಯ ಅಳತೆಗೇ ಗೂಡು ಮಾಡುತ್ತದೆ. ಕೊನೆಗೆ ಹೊರಗಡೆ ಕಲ್ಲುಹೂವು, ಪಾಚಿ, ತೊಗಟೆಯ ಚೂರು ಅಂಟಿಸುತ್ತದೆ. ಮಸಾಲೆ ಡಬ್ಬಿಯಲ್ಲಿರುತ್ತದಲ್ಲ, ಅಂಥದ್ದೇ ಕಲ್ಲುಹೂವು. ಪೇಟೆಯಲ್ಲಿ ಅದು ಸಿಗದಿದ್ದರೆ ಗೋಡೆಯಿಂದ ಎದ್ದ ಪೇಂಟಿನ ಚಕ್ಕೆಯೂ ಆಗುತ್ತದೆ.

ಮುಗಿದ ಗೂಡು ನಾಲ್ಕು ಸೆಂಟಿಮೀಟರ್ ಅಗಲ ಇದ್ದರೆ ಹೆಚ್ಚು. ಕೆಲಸಕ್ಕೆ ಸುಮಾರು ಒಂದು ವಾರ. ಕೆಲವು ಸಲ ಗೋಡೆ ಪೂರ್ತಿ ಏಳುವ ಮೊದಲೇ ಮೊಟ್ಟೆ ಇಟ್ಟುಬಿಡುತ್ತದೆ. ಕಾವಿಗೆ ಕೂತಿದ್ದೇ ಉಳಿದದ್ದನ್ನು ಕಟ್ಟುತ್ತದೆ.

ಇಲ್ಲಿ ನಿಮ್ಮ ಕೆಲಸ ಒಂದೇ. ಕಟ್ಟುವ ಹಂತದಲ್ಲಿ ದೂರ ಇರಿ. ಮೊಟ್ಟೆ ಇಡುವ ಮೊದಲು ತೊಂದರೆಯಾದರೆ ಆ ಜಾಗವನ್ನೇ ಬಿಟ್ಟು ಹೋಗುವ ಸಾಧ್ಯತೆ ಜಾಸ್ತಿ. ಜಾಗ ನಿಮಗೆ ನಿಜವಾಗಿಯೂ ಆಗಿಬರುವುದಿಲ್ಲ, ದಿನಾ ಹತ್ತಾರು ಸಲ ತೆರೆಯುವ ಬಾಗಿಲ ನೆತ್ತಿಯ ಮೇಲೇ ಇದೆ ಅಂತಿದ್ದರೆ, ಒಂದೆರಡು ಎಳೆ ಕಂಡ ಮೊದಲ ದಿನವೇ ಆ ತೋರಣವನ್ನೋ ವಿಂಡ್ ಚೈಮನ್ನೋ ಒಳಗೆ ತಂದುಬಿಡಿ. ಹಕ್ಕಿ ಬೇರೆ ಜಾಗ ನೋಡಿಕೊಳ್ಳುತ್ತದೆ. ಬಟ್ಟಲಿನ ಆಕಾರ ಬಂದ ಮೇಲೆ ಆ ಅವಕಾಶ ಮುಗಿಯಿತು.

3. ಕತ್ತರಿ, ಏಣಿ ತೆಗೆಯುವ ಮುನ್ನ

ಗೂಡುಗಳು ಹಾಳಾಗುವುದಕ್ಕೆ ಒಂದು ದೊಡ್ಡ ದಾರಿ ಮರ ಸವರುವುದು. ಹಕ್ಕಿ ನೆರಳಿರುವ ಸಣ್ಣ ರೆಂಬೆಗಳನ್ನೇ ಹೆಚ್ಚಾಗಿ ಆರಿಸುತ್ತದೆ. ಹೊರಗೆ ಕಲ್ಲುಹೂವು ಅಂಟಿಸಿದ ಗೂಡು ರೆಂಬೆಯ ಗಂಟಿನ ಥರವೇ ಕಾಣುತ್ತದೆ. ಕಣ್ಣಿಗೆ ಬೀಳುವ ಮೊದಲೇ ಕತ್ತರಿ ಬಿದ್ದಿರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಮರ, ಬೇಲಿಗಿಡ ಸವರಲು ಸೆಪ್ಟೆಂಬರ್‌ನಿಂದ ನವೆಂಬರ್ ಮಧ್ಯದವರೆಗಿನ ಕಾಲ ಒಳ್ಳೆಯದು. ಬೇರೆ ಕಾಲದಲ್ಲಿ ಮಾಡಲೇಬೇಕಾದರೆ ಹಿಂದಿನ ದಿನ ಹತ್ತಿಪ್ಪತ್ತು ನಿಮಿಷ ಸುಮ್ನೆ ನಿಂತು ನೋಡಿ. ಹಕ್ಕಿ ಹೋಗಿಬರುತ್ತಿದೆಯಾ ಅಂತ. ತೋಟದ ಕೆಲಸಕ್ಕೆ ಬರುವವರಿಗೆ ಮೊದಲೇ ಹೇಳಿ. ಗೂಡಿನ ಹತ್ತಿರದ ಗಿಡಕ್ಕೆ ಒಂದು ಬಣ್ಣದ ರಿಬ್ಬನ್ ಕಟ್ಟಿದರೆ ಇನ್ನೂ ವಾಸಿ. ಲೀಫ್ ಬ್ಲೋವರ್ ಆ ಮೂಲೆಗೆ ಬೇಡ. ಸೀರಿಯಲ್ ಲೈಟ್ ಬಿಚ್ಚುವಾಗ ಎಳೆಯಬೇಡಿ. ಮೊದಲು ಉದ್ದಕ್ಕೂ ಕಣ್ಣಾಡಿಸಿ. ಗೂಡಿದ್ದರೆ ಪ್ಲಗ್ ತೆಗೆದು, ವೈರನ್ನು ಇದ್ದಲ್ಲೇ ಬಿಡಿ. ಎಚ್‌ಓಎದಿಂದ (ಬಡಾವಣೆಯ ಮನೆಮಾಲೀಕರ ಸಂಘ) ನೋಟಿಸ್ ಬಂದರೆ ಒಂದು ಫೋಟೋ ಸಮೇತ ಉತ್ತರ ಬರೆಯಿರಿ. ಕಾನೂನು ನಿಮ್ಮ ಕಡೆ ಇದೆ.

ಆ ಕಾನೂನು 1918ರ ವಲಸೆ ಹಕ್ಕಿಗಳ ಒಪ್ಪಂದದ ಕಾಯ್ದೆ. ಹೆಸರಲ್ಲಿ ವಲಸೆ ಅಂತಿದ್ದರೂ ಅಲ್ಲೇ ಇರುವ ಆ್ಯನಾಸ್ ಕೂಡ ಅದರ ಪಟ್ಟಿಯಲ್ಲಿದೆ. ಮೊಟ್ಟೆ ಅಥವಾ ಮರಿ ಇರುವ ಗೂಡನ್ನು ಸರಿಸುವುದು, ಕೀಳುವುದು, ಮೊಟ್ಟೆ ತೆಗೆದುಕೊಳ್ಳುವುದು ಎಲ್ಲ ಅಪರಾಧ. ಕ್ಯಾಲಿಫೋರ್ನಿಯಾಗೆ ತನ್ನದೇ ರಾಜ್ಯ ಕಾನೂನೂ ಇದೆ. ಕಾನೂನು ಬಿಡಿ, ಸರಿಸಿದರೆ ಕೆಲಸವೂ ಕೆಡುತ್ತದೆ. ತಾಯಿ ಹುಡುಕಿಕೊಂಡು ಬರುವುದು ಜಾಗವನ್ನು. ನೀವು ನಾಲ್ಕು ಅಡಿ ಆಚೆಗೆ ಇಟ್ಟರೂ ಹಳೇ ಜಾಗಕ್ಕೇ ಬಂದು, ಗಾಳಿಯಲ್ಲಿ ನಿಂತು ಹುಡುಕುತ್ತದೆ.

4. ತಾರೀಖು ಬರೆದಿಡಿ

ಅಡುಗೆಮನೆಯ ಕ್ಯಾಲೆಂಡರ್ ಮೇಲೇ ಬರೆಯಿರಿ, ಸಾಕು. ಹಕ್ಕಿ ಎದ್ದುಹೋಗುವುದನ್ನು ಬಿಟ್ಟು ಹೆಚ್ಚು ಹೊತ್ತು ಗೂಡಿನಲ್ಲೇ ಕೂರಲು ಶುರುಮಾಡಿದ ದಿನವನ್ನು ಕಾವಿನ ಮೊದಲ ದಿನ ಅಂತ ಇಟ್ಟುಕೊಳ್ಳಿ. ಅಲ್ಲಿಂದ 14ರಿಂದ 19 ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಚಳಿ ಜಾಸ್ತಿಯಿದ್ದರೆ ನಿಧಾನ. ತಾಯಿ ಕೂರುವ ಬದಲು ಗೂಡಿನ ಅಂಚಿನ ಮೇಲೆ ನಿಂತು ಒಳಕ್ಕೆ ಬಗ್ಗುವುದು ಕಂಡರೆ ಮರಿ ಬಂದಿದೆ ಅಂತ ಅರ್ಥ. ಆ ದಿನವನ್ನೂ ಗುರುತು ಹಾಕಿ. ಅಲ್ಲಿಂದ ಸುಮಾರು ಮೂರು ವಾರಕ್ಕೆ, ಕೆಲವೊಮ್ಮೆ ನಾಲ್ಕು ವಾರದ ಹತ್ತಿರಕ್ಕೆ, ಮರಿ ಹಾರುತ್ತದೆ. ಮೊಟ್ಟೆಯಿಂದ ಹಾರುವವರೆಗೆ ಒಟ್ಟು ಐದಾರು ವಾರ. ಅಷ್ಟು ದಿನ ಪ್ಯಾಟಿಯೋದ ಒಂದು ಮೂಲೆ ಬಿಟ್ಟುಕೊಡುವುದು ದೊಡ್ಡ ತ್ಯಾಗವೇನಲ್ಲ.

5. ಮೊಟ್ಟೆ ಇರುವಾಗ

ಎರಡು ಬಿಳಿ ಮೊಟ್ಟೆ. ಒಂದೊಂದೂ ಸೊನೆ ಅವರೆಯ ಒಂದು ದಪ್ಪ ಕಾಳಿನಷ್ಟು. ಎರಡನ್ನೂ ಒಂದೇ ದಿನ ಇಡುವುದಿಲ್ಲ, ನಡುವೆ ಒಂದೆರಡು ದಿನದ ಅಂತರ ಇರುತ್ತದೆ. ಹಾಗಾಗಿ ಒಂದೇ ಮೊಟ್ಟೆ ಕಂಡರೆ ಇನ್ನೊಂದು ಬಿದ್ದುಹೋಯಿತಾ ಅಂತ ಕೆಳಗೆ ಹುಡುಕಬೇಡಿ.

ತಾಯಿ ಹಗಲಲ್ಲಿ ಆಗಾಗ ಎದ್ದುಹೋಗಿ ಕೆಲವು ನಿಮಿಷದಲ್ಲಿ ವಾಪಸ್ ಬರುತ್ತದೆ. ಅದಕ್ಕೆ ದಿನವಿಡೀ ತಿನ್ನುತ್ತಿರಲೇಬೇಕು, ಬೇರೆ ದಾರಿಯಿಲ್ಲ. ನೀವು ಹೋಗಿ ಗೂಡಿನ ಮುಂದೆ ನಿಂತರೆ ಅದು ಎದುರಿನ ತಂತಿಯ ಮೇಲೆ ಕಾಯುತ್ತಾ ಕೂರುತ್ತದೆ. ಅತ್ತ ಮೊಟ್ಟೆ ತಣ್ಣಗಾಗುತ್ತಿರುತ್ತದೆ. ಹತ್ತು ಹನ್ನೆರಡು ಅಡಿ ದೂರದಲ್ಲಿರಿ. ಆ ಬಾಗಿಲನ್ನು ಬಳಸಲೇಬೇಕು ಅಂದರೆ ಬಳಸಿ. ದಿನಾ ಒಂದೇ ಥರ ನಡೆದುಕೊಂಡು ಹೋದರೆ ಹಕ್ಕಿ ಹೊಂದಿಕೊಳ್ಳುತ್ತದೆ. ಅದು ನಿಮ್ಮ ಮನೆಯನ್ನು ನೋಡಿಯೇ ಅಲ್ಲಿ ಕಟ್ಟಿದೆ. ಕೆಡಿಸುವುದು ನಿಂತು ದಿಟ್ಟಿಸುವುದು.

ರಾತ್ರಿ ಇನ್ನೂ ಜಾಗ್ರತೆ ಬೇಕು. ಹಮ್ಮಿಂಗ್‌ಬರ್ಡ್‌ಗಳು ಚಳಿ ರಾತ್ರಿಯಲ್ಲಿ ಮೈಯ ಬಿಸಿಯನ್ನು ಇಳಿಸಿಕೊಂಡು ಒಂದು ಥರ ಮಂಪರಿನಲ್ಲಿ ಕಾಲ ಕಳೆಯಬಲ್ಲವು. ಕಾವಿಗೆ ಕೂತ ತಾಯಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ, ಮೊಟ್ಟೆ ಬೆಚ್ಚಗಿರಬೇಕಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ಸುಡುತ್ತಾ ಬೆಳಗಿನ ತನಕ ಕೂತಿರುತ್ತದೆ. ಕತ್ತಲಲ್ಲಿ ಅದನ್ನು ಎಬ್ಬಿಸಿ ಹಾರಿಸಿದರೆ ವಾಪಸ್ ದಾರಿ ಸಿಗುವುದು ಕಷ್ಟ. ಆದ್ದರಿಂದ ಪ್ಯಾಟಿಯೋ ಲೈಟ್ ಆರಿಸಿ. ನಾಯಿಯನ್ನು ಇನ್ನೊಂದು ಬಾಗಿಲಿಂದ ಹೊರಗೆ ಬಿಡಿ.

ಫೋಟೋ ಬೇಕೇ ಬೇಕು ಅನಿಸುತ್ತದೆ, ಗೊತ್ತು. ಕಿಟಕಿಯ ಒಳಗಿಂದ ಝೂಮ್ ಹಾಕಿ ತೆಗೆಯಿರಿ. ಫ್ಲ್ಯಾಶ್ ಬೇಡ. ಸರಿಯಾಗಿ ಕಾಣಲಿ ಅಂತ ಮುಂದಿನ ಎಲೆ, ರೆಂಬೆ ಮುರಿಯುವುದಂತೂ ಬೇಡವೇ ಬೇಡ. ಆ ಎಲೆಯೇ ಬಿಸಿಲಿಗೆ ಕೊಡೆ, ಕಾಗೆಯ ಕಣ್ಣಿಗೆ ಪರದೆ. ಕಾಗೆ ಮತ್ತು ನೀಲಿ ಜೇ ಹಕ್ಕಿಗಳು ಬಲು ಚುರುಕು. ಮನುಷ್ಯರು ಒಂದೇ ಪೊದೆಯ ಹತ್ತಿರ ಮತ್ತೆ ಮತ್ತೆ ಹೋಗುತ್ತಿದ್ದರೆ ಅಲ್ಲೇನಿದೆ ಅಂತ ಅವೂ ಬಂದು ನೋಡುತ್ತವೆ. ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕುವುದಿದ್ದರೆ ಮರಿ ಹಾರಿದ ಮೇಲೆ ಹಾಕಿ. ಇಲ್ಲದಿದ್ದರೆ ಸಂಜೆಗೆ ಮಕ್ಕಳ ಸಮೇತ ಜಾತ್ರೆ ಸೇರುತ್ತದೆ.

6. ಮರಿ ಬಂದ ಮೇಲೆ: ಜನ ಹೆದರುವ ಮೂರು ಸಂಗತಿ

ಆಗ ತಾನೇ ಒಡೆದ ಮರಿ ನೋಡಲು ಮರಿಯ ಥರವೇ ಇರುವುದಿಲ್ಲ. ಕಪ್ಪು ಬಣ್ಣ, ಮುಚ್ಚಿದ ಕಣ್ಣು, ಬೆನ್ನ ಮೇಲೆ ಎರಡು ಸಾಲು ತುಪ್ಪಳ, ಮೊಂಡು ಹಳದಿ ಕೊಕ್ಕು. ಅಲುಗಾಡದೆ ಬಿದ್ದಿರುತ್ತದೆ. ಸತ್ತಿದೆ ಅಂದುಕೊಳ್ಳಬೇಡಿ.

ಮೊದಲ ಹೆದರಿಕೆ ಗುಟುಕು ಕೊಡುವುದನ್ನು ನೋಡಿದಾಗ. ತಾಯಿ ಬಂದು ಅಂಚಿನ ಮೇಲೆ ನಿಂತು, ಅಷ್ಟುದ್ದದ ಸೂಜಿಕೊಕ್ಕನ್ನು ಮರಿಯ ಗಂಟಲೊಳಗೆ ಪೂರ್ತಿ ಇಳಿಸಿ, ಮೇಲೆ ಕೆಳಗೆ ಆಡಿಸುತ್ತದೆ. ಚುಚ್ಚಿ ಕೊಲ್ಲುತ್ತಿದೆಯೇನೋ ಅನಿಸುತ್ತದೆ. ಅದು ತನ್ನ ಗಂಟಲ ಚೀಲದಲ್ಲಿದ್ದ ಮಕರಂದ ಮತ್ತು ಸಣ್ಣ ಹುಳುಗಳ ಪಾಕವನ್ನು ಒಳಕ್ಕೆ ಪಂಪ್ ಮಾಡುತ್ತಿರುತ್ತದೆ. ಕಣ್ಣು ಬಿಡದ ಮರಿಗೆ ತಾಯಿ ಬಂದದ್ದು ತಿಳಿಯುವುದು ಅವಳ ರೆಕ್ಕೆಯ ಗಾಳಿ ತಾಗಿದಾಗ. ಗಾಳಿ ಬಿದ್ದ ಕೂಡಲೇ ಬಾಯಿ ಮೇಲೆತ್ತಿ ಅಗಲಿಸುತ್ತದೆ. ನೀವು ಹತ್ತಿರ ಬಗ್ಗಿದಾಗ ಮರಿ ಬಾಯಿ ಬಿಟ್ಟರೆ ಅದು ನಿಮ್ಮನ್ನು ತಾಯಿ ಅಂದುಕೊಂಡಿದೆ, ಅಷ್ಟೇ. ಹಸಿದಿದೆ ಅಂತ ಸಕ್ಕರೆ ನೀರು ಬಿಡಲು ಹೋಗಬೇಡಿ. ಉಸಿರಿನ ಕೊಳವೆಗೆ ಹೋಗಬಹುದು, ಪುಕ್ಕಕ್ಕೆ ಬಿದ್ದು ಅಂಟಾಗಬಹುದು. ಅದಕ್ಕಿಂತ ಮುಖ್ಯವಾಗಿ, ಮೂಳೆ, ಗರಿ ಬೆಳೆಯಬೇಕಾದರೆ ಹುಳುವಿನ ಪ್ರೋಟೀನ್ ಬೇಕು. ಬರೀ ಸಕ್ಕರೆಯಲ್ಲಿ ಅದಿಲ್ಲ.

ಎರಡನೆಯದು ರಾತ್ರಿಯದ್ದು. ಇದರ ಬಗ್ಗೆ ಬರುವಷ್ಟು ಗಾಬರಿಯ ಫೋನ್ ಬೇರಾವುದಕ್ಕೂ ಬರುವುದಿಲ್ಲವೇನೋ. ಒಂಬತ್ತರಿಂದ ಹನ್ನೆರಡನೇ ದಿನದ ನಡುವೆ ಒಂದು ರಾತ್ರಿ ತಾಯಿ ಗೂಡಿಗೆ ಬರುವುದಿಲ್ಲ. ಮರುದಿನವೂ ಇಲ್ಲ. ಮರಿಗಳಿಗೆ ಅಷ್ಟು ಹೊತ್ತಿಗೆ ಮೊಳಕೆಗರಿ ಬಂದಿರುತ್ತದೆ, ಎರಡೂ ಒಂದಕ್ಕೊಂದು ಒತ್ತಿಕೊಂಡು ಬೆಚ್ಚಗಿರುತ್ತವೆ. ಗೂಡಲ್ಲಿ ಮೂರನೆಯವರಿಗೆ ಜಾಗವೂ ಇರುವುದಿಲ್ಲ. ತಾಯಿ ಹತ್ತಿರದ ಮರದಲ್ಲೆಲ್ಲೋ ಮಲಗುತ್ತದೆ. ಹಗಲಲ್ಲೂ ಅವಳ ಭೇಟಿ ಈಗ ಕೆಲವೇ ಸೆಕೆಂಡು. ಬಂದಳು, ಇಬ್ಬರಿಗೂ ಗುಟುಕು ಕೊಟ್ಟಳು, ಹೋದಳು. ನೀವು ಕಾಫಿ ಲೋಟ ತರಲು ಒಳಗೆ ಹೋದಾಗ ಬಂದು ಹೋಗಿರುತ್ತಾಳೆ. 'ಬೆಳಗಿಂದ ತಾಯಿ ಬಂದೇ ಇಲ್ಲ' ಅನ್ನುವವರಲ್ಲಿ ಹೆಚ್ಚಿನವರು ಬೆಳಗಿಂದ ನೋಡುತ್ತಾ ಕೂತವರಲ್ಲ, ಆಗಾಗ ಇಣುಕಿದವರು.

ಅದಕ್ಕೇ ತಾಯಿ ಬಿಟ್ಟುಹೋದಳಾ ಅಂತ ತೀರ್ಮಾನಿಸುವ ಮುನ್ನ ಈ ಪರೀಕ್ಷೆ ಮಾಡಿ. ದೂರದಿಂದ, ಗೂಡಿನ ಮೇಲಿಂದ ಕಣ್ಣು ತೆಗೆಯದೆ, ಫೋನ್ ಪಕ್ಕಕ್ಕಿಟ್ಟು ಒಂದು ಗಂಟೆ ಪೂರ್ತಿ ಕೂರಿ. ಆಗದಿದ್ದರೆ ಹಳೆಯ ಫೋನನ್ನು ದೂರದಲ್ಲಿಟ್ಟು ವಿಡಿಯೋ ಹಾಕಿ, ಆಮೇಲೆ ಓಡಿಸಿ ನೋಡಿ. ಇನ್ನೆರಡು ಗುರುತುಗಳಿವೆ. ಗೂಡಿನ ಅಂಚಿನಲ್ಲಿ, ಕೆಳಗಿನ ನೆಲದಲ್ಲಿ ಬಿಳಿ ಹಿಕ್ಕೆ ಬೀಳುತ್ತಿದ್ದರೆ ಹೊಟ್ಟೆಗೆ ಸಿಗುತ್ತಿದೆ. ಸ್ವಲ್ಪ ದೊಡ್ಡದಾದ ಮರಿಗಳು ಹಿಂಬದಿಯನ್ನು ಅಂಚಿಗೆ ತಿರುಗಿಸಿ ಹೊರಗೆ ಹಾರಿಸುತ್ತವೆ, ಗೂಡು ಕೊಳಕಾಗಲು ಬಿಡುವುದಿಲ್ಲ. ಮರಿಗಳು ಸುಮ್ಮನಿದ್ದರೂ ಒಳ್ಳೆಯದೇ. ಶತ್ರುಗಳಿಗೆ ತಿಳಿಯಬಾರದು ಅಂತ ಅವು ಮೌನವಾಗಿರುತ್ತವೆ. ಹತ್ತು ನಿಮಿಷಕ್ಕೂ ಹೆಚ್ಚು ಬಿಡದೆ ಚಿಂವ್ ಚಿಂವ್ ಅಂತ ಕೂಗುತ್ತಿದ್ದರೆ ಆಗ ಯೋಚಿಸಬೇಕು.

ಮೂರನೆಯದು, ಗೂಡು ಒಡೆದುಹೋಗುತ್ತಿದೆ ಅನ್ನುವ ಹೆದರಿಕೆ. ಮರಿ ದೊಡ್ಡದಾದಂತೆ ಬಟ್ಟಲು ಅಗಲವಾಗಿ, ಕೊನೆಗೆ ತಟ್ಟೆಯಷ್ಟು ಚಪ್ಪಟೆಯಾಗುತ್ತದೆ. ಜೇಡರ ಎಳೆಗೆ ಹಿಗ್ಗುವ ಗುಣ ಇರುವುದರಿಂದಲೇ ಇಬ್ಬರು ಅದರಲ್ಲಿ ಹಿಡಿಸುವುದು. ಟೇಪು, ಗೋಂದು ತಂದು ರಿಪೇರಿ ಮಾಡಬೇಡಿ.

7. ನಿಜವಾಗಿಯೂ ಕೈಹಾಕಬೇಕಾದ ಹೊತ್ತು

ಪುಕ್ಕ ಬಾರದ ಮರಿ ಕೆಳಗೆ ಬಿದ್ದಿದ್ದರೆ ಅಂಗೈಯಲ್ಲಿ ಮೆಲ್ಲಗೆ ಎತ್ತಿ ಗೂಡಿಗೇ ಇಡಿ. ಮೈ ತಣ್ಣಗಿದ್ದರೆ ಮೊದಲು ಕೈಯಲ್ಲೇ ಬೆಚ್ಚಗೆ ಮಾಡಿ. ಮನುಷ್ಯರ ವಾಸನೆ ತಾಗಿದರೆ ತಾಯಿ ಮುಟ್ಟುವುದಿಲ್ಲ ಅನ್ನುವುದು ಸುಳ್ಳು. ಗೂಡಿನಿಂದ ಮರಿಯನ್ನು ಎತ್ತುವುದು ಮಾತ್ರ ಎಂದಿಗೂ ಬೇಡ. ಅದರ ಉಗುರು ಒಳಗಿನ ಹತ್ತಿಯನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಎಳೆದರೆ ಕಾಲಿಗೆ ಪೆಟ್ಟು.

ಗಾಳಿಗೆ ಗೂಡು ವಾಲಿದ್ದರೆ ಅಥವಾ ರೆಂಬೆ ಮುರಿದಿದ್ದರೆ, ಅದೇ ರೆಂಬೆಯನ್ನು ಅದೇ ಎತ್ತರದಲ್ಲಿ ಕಡ್ಡಿ ಕೊಟ್ಟು ಕಟ್ಟಿ. ಗೂಡು ಪೂರ್ತಿ ಕಿತ್ತು ಬಂದಿದ್ದರೆ ಸ್ಟ್ರಾಬೆರಿ ಬರುತ್ತದಲ್ಲ, ಅಂಥ ತೂತಿರುವ ಪುಟ್ಟ ಡಬ್ಬಿಯಲ್ಲಿ ಗೂಡನ್ನು ಕೂರಿಸಿ, ಅದೇ ಜಾಗಕ್ಕೆ ಕಟ್ಟಿ, ಒಳಗೆ ಹೋಗಿ ಒಂದು ಗಂಟೆ ನೋಡಿ. ತಾಯಿ ಬಂದರೆ ಕೆಲಸ ಮುಗಿಯಿತು. ಬರದಿದ್ದರೆ, ಮರಿಗೆ ಗಾಯವಾಗಿದ್ದರೆ, ಬೆಕ್ಕು ಬಾಯಿ ಹಾಕಿದ್ದರೆ, ಗೂಡಿಗೆ ಇರುವೆ ಮುತ್ತಿದ್ದರೆ ವನ್ಯಜೀವಿ ಆರೈಕೆ ಕೇಂದ್ರಕ್ಕೆ ಕೂಡಲೇ ಫೋನ್ ಮಾಡಿ. ಸ್ಯಾನ್ ಹೊಸೆಯಲ್ಲಿ ವೈಲ್ಡ್‌ಲೈಫ್ ಸೆಂಟರ್ ಆಫ್ ಸಿಲಿಕಾನ್ ವ್ಯಾಲಿ, ವಾಲ್ನಟ್ ಕ್ರೀಕ್‌ನಲ್ಲಿ ಲಿಂಡ್ಸೆ, ಸ್ಯಾನ್ ರಫೇಲ್‌ನಲ್ಲಿ ವೈಲ್ಡ್‌ಕೇರ್ ಇವೆ. ಬೇರೆ ಊರಿನವರು ಅನಿಮಲ್ ಹೆಲ್ಪ್ ನೌ ಅನ್ನುವ ಜಾಲತಾಣದಲ್ಲಿ ತಮ್ಮ ಊರು ಹಾಕಿ ಹುಡುಕಬಹುದು. ಈ ಮರಿಗಳಿಗೆ ಹಸಿವು ತಡೆಯುವ ಶಕ್ತಿ ಕಡಿಮೆ. ಆಫೀಸ್ ಮುಗಿಸಿ ನೋಡೋಣ ಅನ್ನುವ ಹಾಗಿಲ್ಲ. ಕೇಂದ್ರಕ್ಕೆ ಒಯ್ಯುವಾಗ ಗೂಡಿನ ಸಮೇತ ಪುಟ್ಟ ಡಬ್ಬಿಯಲ್ಲಿ ಒಯ್ಯಿರಿ. ಮನೆಯಲ್ಲಿ ಸಾಕುವ ಆಸೆ ಬೇಡ, ಅದಕ್ಕೆ ಲೈಸೆನ್ಸ್ ಬೇಕು.

ಪುಕ್ಕ ತುಂಬಿದ ಮರಿ ನೆಲದಲ್ಲಿ ಅಥವಾ ಕುಂಡದ ಅಂಚಿನಲ್ಲಿ ಕೂತಿದ್ದರೆ ಅದು ಬಿದ್ದದ್ದಲ್ಲದೆ ಹಾರಲು ಕಲಿಯುತ್ತಿರಬಹುದು. ಹತ್ತಿರದ ಪೊದೆಯ ರೆಂಬೆಯ ಮೇಲೆ ಕೂರಿಸಿ ಬಿಡಿ. ಆ ಆರು ವಾರ ಬೆಕ್ಕು ಮನೆಯೊಳಗೇ ಇರಲಿ.

8. ಫೀಡರ್: ಬೆಲ್ಲ ಬೇಡ

ಗೂಡಿನ ಪಕ್ಕವೇ ಫೀಡರ್ ನೇತುಹಾಕಿದರೆ ತಾಯಿಗೆ ಅನುಕೂಲ ಅನಿಸುತ್ತದೆ. ಆದರೆ ಅಲ್ಲಿಗೆ ಜಗಳಗಂಟ ಗಂಡುಗಳು ಬರುತ್ತವೆ, ಇರುವೆ ಬರುತ್ತವೆ. ಮನೆಯ ಇನ್ನೊಂದು ಬದಿಗೆ ಹಾಕಿ.

ಒಂದು ಕಪ್ ಬಿಳಿ ಸಕ್ಕರೆಗೆ ನಾಲ್ಕು ಕಪ್ ನೀರು. ಇಷ್ಟೇ. ಕೆಂಪು ಬಣ್ಣ ಹಾಕಬಾರದು. ಸಕ್ಕರೆಗಿಂತ ಬೆಲ್ಲ ಒಳ್ಳೆಯದು ಅನ್ನುವುದು ನಮ್ಮ ಮನೆಗಳ ನಂಬಿಕೆ. ಹಮ್ಮಿಂಗ್‌ಬರ್ಡಿಗೆ ಅದು ತಿರುಗಾಮುರುಗಾ. ಬೆಲ್ಲದಲ್ಲೂ ಕಂದು ಸಕ್ಕರೆಯಲ್ಲೂ ಇರುವ ಕಬ್ಬಿಣದ ಅಂಶ ಅದರ ಮೈಗೆ ಜಾಸ್ತಿಯಾಗುತ್ತದೆ. ಜೇನುತುಪ್ಪ ನೀರಲ್ಲಿ ಬೇಗ ಹುಳಿಯಾಗಿ ಬೂಸ್ಟು ಹಿಡಿಯುತ್ತದೆ. ಡಯಾಬಿಟಿಸ್‌ನವರ ಸಿಹಿಗುಳಿಗೆಯಲ್ಲಿ ಶಕ್ತಿಯೇ ಇಲ್ಲ. ಸೆಕೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ, ಚಳಿಯಲ್ಲಿ ವಾರಕ್ಕೊಮ್ಮೆ ಬಿಸಿನೀರಲ್ಲಿ ತೊಳೆದು ಬದಲಿಸಿ. ಅಷ್ಟು ಪುರುಸೊತ್ತಿಲ್ಲ ಅಂದರೆ ಫೀಡರ್ ಇಡದಿರುವುದೇ ಲೇಸು.

ಮರಿಗೆ ಸಕ್ಕರೆಗಿಂತ ಹುಳು ಮುಖ್ಯ ಅಂತ ಹೇಳಿದೆನಲ್ಲ. ಗಿಡಕ್ಕೆ ಹುಳದ ಔಷಧಿ ಹೊಡೆಯುವುದು ನಿಲ್ಲಿಸಿ. ಕಳಿತ ಬಾಳೆಹಣ್ಣಿನ ಸಿಪ್ಪೆಯನ್ನು ತೋಟದ ಮೂಲೆಯಲ್ಲಿ ಒಂದು ಬುಟ್ಟಿಯಲ್ಲಿ ಇಟ್ಟರೆ ನುಸಿ ಏಳುತ್ತವೆ. ಅವನ್ನು ಹಕ್ಕಿ ಗಾಳಿಯಲ್ಲೇ ಹಿಡಿದು ತಿನ್ನುತ್ತದೆ.

9. ಹಾರಿದ ಮೇಲೆ

ಕೊನೆಯ ದಿನಗಳಲ್ಲಿ ಮರಿಗಳು ಅಂಚಿಗೆ ಬಂದು, ಗೂಡನ್ನು ಕಾಲಲ್ಲಿ ಬಿಗಿಯಾಗಿ ಹಿಡಿದು ರೆಕ್ಕೆ ಬಡಿಯುತ್ತವೆ. ಒಂದು ಹಾರಿದ ದಿನವೇ ಅಥವಾ ಮರುದಿನ ಇನ್ನೊಂದೂ ಹೋಗುತ್ತದೆ. ಆಮೇಲೂ ಒಂದು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ದಿನ, ತಾಯಿ ಹತ್ತಿರದ ರೆಂಬೆಗಳಲ್ಲಿ ಅವಕ್ಕೆ ಗುಟುಕು ಕೊಡುತ್ತಿರುತ್ತದೆ. ಅದರ ಮಧ್ಯೆಯೇ ಮುಂದಿನ ಗೂಡಿನ ಕೆಲಸವನ್ನೂ ಶುರುಮಾಡಿರಬಹುದು. ಹಳೆಯ ಗೂಡಿನ ಹತ್ತಿಯನ್ನು ಕಿತ್ತೊಯ್ಯುವುದುಂಟು, ಅದರ ಮೇಲೇ ಹೊಸದನ್ನು ಕಟ್ಟುವುದೂ ಉಂಟು. ಹಾಗಾಗಿ ಖಾಲಿ ಗೂಡನ್ನು ಇದ್ದಲ್ಲೇ ಬಿಡಿ. ಶೋಕೇಸಿನಲ್ಲಿ ಇಡುವುದಕ್ಕೂ ಕಾನೂನು ಒಪ್ಪುವುದಿಲ್ಲ.

ಮುಂದಿನ ವರ್ಷವೂ ಬರಲಿ ಅನಿಸಿದರೆ ಮನೆಯ ಹೊರಗಿನ ಜೇಡರ ಬಲೆ ಅಷ್ಟೂ ಗುಡಿಸಬೇಡಿ. ಮನೆಯಲ್ಲಿ ಬಲೆ ಕಟ್ಟಿದರೆ ಒಳ್ಳೆಯದಲ್ಲ ಅಂತ ಹಿರಿಯರು ಹೇಳುತ್ತಾರೆ. ಒಳಗಿನದು ತೆಗೆಯಿರಿ, ಸೂರಿನ ಕೆಳಗಿನ ಮೂಲೆಗಳನ್ನು ಡಿಸೆಂಬರ್‌ನಿಂದ ಬೇಸಿಗೆ ತನಕ ಜೇಡನಿಗೇ ಬಿಡಿ. ಬಟ್ಟೆ ಒಣಗಿಸುವ ಡ್ರೈಯರ್‌ನ ಲಿಂಟ್ ಅನ್ನು (ಬಟ್ಟೆಯಿಂದ ಉದುರಿದ ನೂಲಿನ ಚೂರು) ಗೂಡಿಗೆ ಆಗಲಿ ಅಂತ ಹೊರಗೆ ಇಡುವವರಿದ್ದಾರೆ. ಅದು ಮಳೆಗೆ ನೆನೆದು ಮುದ್ದೆಯಾಗುತ್ತದೆ, ಬೇಡ. ಗಿಡಗಳಲ್ಲಿ ಮ್ಯಾಂಜನೀಟಾ ಚಳಿಗಾಲದಲ್ಲೇ ಹೂ ಬಿಡುತ್ತದೆ, ಗೂಡು ಕಟ್ಟುವ ಹೊತ್ತಿಗೆ ಸರಿಯಾಗಿ. ಸಾಲ್ವಿಯಾಗಳು ವಸಂತಕ್ಕೆ. ಕ್ಯಾಲಿಫೋರ್ನಿಯಾ ಫ್ಯೂಷಿಯಾ ಬೇಸಿಗೆಯ ಕೊನೆಗೆ, ಬೇರೆಲ್ಲ ಒಣಗಿದಾಗ. ಇವನ್ನು ಮಳೆ ಹಿಡಿಯುವ 10ನೇ, 11ನೇ ತಿಂಗಳಲ್ಲಿ ನೆಟ್ಟರೆ ಬೇರು ಚೆನ್ನಾಗಿ ಇಳಿಯುತ್ತದೆ, ಮೊದಲ ವರ್ಷ ಬಿಟ್ಟರೆ ನೀರಿನ ಬಿಲ್ಲೂ ಏರುವುದಿಲ್ಲ.